ಕ್ಯಾನ್ಸರಿನಂತೆ ಕಾಣುವ, ಕ್ಯಾನ್ಸರ್ ಅಲ್ಲದ ದವಡೆ ಗೆಡ್ಡೆ

ಪಿಂಡ್‌ಬೋರ್ಗ್ ಗೆಡ್ಡೆ ಸಾಮಾನ್ಯವಾಗಿ ಕೆಳದವಡೆಯ ಹಿಂಭಾಗದಲ್ಲಿ, ಮೂಳೆಯೊಳಗೆ ಬೆಳೆಯುತ್ತದೆ. ನೋವಿರುವುದಿಲ್ಲ. ಕೆನ್ನೆ ನಿಧಾನವಾಗಿ ಊದುತ್ತದೆ, ಅಷ್ಟೆ. ಎಕ್ಸ್-ರೇ ತೆಗೆದರೆ ಎಷ್ಟೋ ಸಲ ಹೊರಗೆ ಬಾರದೆ ಮೂಳೆಯಲ್ಲೇ ಉಳಿದ ಹಲ್ಲೊಂದರ ಸುತ್ತ ಕಪ್ಪು ಜಾಗ, ಅದರ ನಡುವೆ ಬಿಳಿ ಚುಕ್ಕೆಗಳು ಕಾಣುತ್ತವೆ. ಹಲ್ಲು ರೂಪಿಸುವ ಅಂಗಾಂಶದಿಂದ ಹುಟ್ಟುವ ಗೆಡ್ಡೆಗಳಲ್ಲಿ ಇದರ ಪಾಲು ಸುಮಾರು ಶೇ. 1 ಮಾತ್ರ.

1955ರಲ್ಲಿ ಇದನ್ನು ಬೇರೆಯದೇ ಗೆಡ್ಡೆ ಎಂದು ಗುರುತಿಸಿದವರು ಡೆನ್ಮಾರ್ಕಿನ ಬಾಯಿರೋಗ ತಜ್ಞ ಯೆನ್ಸ್ ಪಿಂಡ್‌ಬೋರ್ಗ್. ಬಾಯಿ ಕ್ಯಾನ್ಸರಿನ ಬೇರು ಹುಡುಕುತ್ತಾ 1960ರ ದಶಕದಲ್ಲಿ ಅವರು ಭಾರತದಲ್ಲೂ ದುಡಿದರು. ಬೆಂಗಳೂರಿನಲ್ಲೂ ಜನರ ಬಾಯಿ ಪರೀಕ್ಷಿಸಿದರು.

ಅಪರೂಪಕ್ಕೆ ಈ ಗೆಡ್ಡೆ ಮೂಳೆ ಬಿಟ್ಟು ಬರೀ ವಸಡಿನಲ್ಲಿ ಹುಟ್ಟುತ್ತದೆ. ಅದೂ ಹೆಚ್ಚಾಗಿ ಬಾಯಿಯ ಮುಂಭಾಗದಲ್ಲಿ. ಆಗ ಎಕ್ಸ್-ರೇಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಹಲ್ಲಿನ ಕಿಟ್ಟದಿಂದ ಬರುವ ಮಾಮೂಲಿ ವಸಡಿನ ಗಂಟಿನಂತೆಯೇ ಇರುತ್ತದೆ. ಕಣ್ಣಳತೆಯಲ್ಲಿ ಇದನ್ನು ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ವಸಡಿನಿಂದ ತೆಗೆದ ಗಂಟು ಎಷ್ಟೇ ಚಿಕ್ಕದಿದ್ದರೂ ಅದನ್ನು ಸುಮ್ನೆ ಎಸೆಯಬಾರದು, ಪ್ರಯೋಗಾಲಯಕ್ಕೆ ಕಳಿಸಲೇಬೇಕು ಅನ್ನುವುದು ಇದಕ್ಕೇ.

ಅಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಒಳಗಿನ ಬೀಜಗಳು (ನ್ಯೂಕ್ಲಿಯಸ್) ಒಂದು ದೊಡ್ಡದು, ಒಂದು ಚಿಕ್ಕದು, ಅಡ್ಡಾದಿಡ್ಡಿ ಆಕಾರ. ಥೇಟ್ ಕ್ಯಾನ್ಸರ್! ಆದರೆ ಕ್ಯಾನ್ಸರಿನಲ್ಲಿ ಕೋಶಗಳು ಭರದಿಂದ ಒಡೆದು ಎರಡಾಗುತ್ತಿರುತ್ತವೆ. ಇಲ್ಲಿ ಅಂಥದ್ದು ಕಾಣುವುದೇ ಕಡಿಮೆ. ಕೋಶಗಳ ಮಧ್ಯೆ ಅಮೈಲಾಯ್ಡ್ ಎಂಬ ಪ್ರೊಟೀನ್ ಮುದ್ದೆಗಳಿರುತ್ತವೆ. ಕಾಂಗೋ ರೆಡ್ ಬಣ್ಣ ಹಚ್ಚಿ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅವು ಎಳೆ ಹಸಿರಾಗಿ ಹೊಳೆಯುತ್ತವೆ. ಮುದ್ದೆಗಳಲ್ಲಿ ಸುಣ್ಣದಂಶ ಕೂಡಿಕೊಂಡು, ಕತ್ತರಿಸಿದ ಈರುಳ್ಳಿಯಂತೆ ಸುತ್ತು ಸುತ್ತಾದ ಉಂಗುರಗಳು ಮೂಡುತ್ತವೆ. ವಸಡಿನ ಗೆಡ್ಡೆಯಲ್ಲಿ ಈ ಉಂಗುರಗಳೂ ಕಡಿಮೆ. ಹಾಗಾಗಿ ಪೆಥಾಲಜಿಸ್ಟ್ ಇನ್ನೂ ಜಾಸ್ತಿ ಎಚ್ಚರದಿಂದ ನೋಡಬೇಕು.

ಇಷ್ಟು ತಲೆಕೆಡಿಸಿಕೊಳ್ಳಬೇಕಾ? ಬೇಕು. ಕ್ಯಾನ್ಸರ್ ಎಂದು ತಪ್ಪಾಗಿ ಬರೆದರೆ ಒಬ್ಬರ ದವಡೆಯೇ ಸುಮ್ಮನೆ ಹೋದೀತು. ವಸಡಿನ ಗೆಡ್ಡೆಗೆ ಅದನ್ನಷ್ಟೇ ಪೂರ್ತಿ ತೆಗೆದರೆ ಸಾಕು. ಮೂಳೆಯೊಳಗಿನದ್ದಕ್ಕೆ ಸುತ್ತಲಿನ ಒಂದಷ್ಟು ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯುತ್ತಾರೆ. ಬರೀ ಕೆರೆದು ಬಿಟ್ಟರೆ ಅದು ಮತ್ತೆ ಬೆಳೆಯಬಹುದು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಆಪರೇಷನ್ ಆದ ಮೇಲೂ ಹಲವು ವರ್ಷ ತಪ್ಪದೆ ಬಂದು ತೋರಿಸಿ ಎಂದು ಡಾಕ್ಟರು ಹೇಳುವುದು ಈ ಕಾರಣಕ್ಕೆ.