ಸಿಸಿ ಕ್ಯಾಮೆರಾಗೆ ಕಾಣುವ ದೆವ್ವ

ರಾತ್ರಿ ಎರಡು ಗಂಟೆ. ಖಾಲಿ ಗೇಟಿನ ಮುಂದೆ ಒಂದು ಬಿಳಿ ಉಂಡೆ ತೇಲಿ ಹೋಗುತ್ತದೆ. ಇಂಥ ಸಿಸಿ ಕ್ಯಾಮೆರಾ ವಿಡಿಯೊ ಬರದ ವಾಟ್ಸ್ಆ್ಯಪ್ ಗುಂಪು ಬೆಂಗಳೂರಿನಲ್ಲಿ ಇದೆಯಾ? ‘ಆತ್ಮ ಇರಬೇಕು’ ಅನ್ನುವವರು ಅಲ್ಲಿ ಒಬ್ಬರಾದರೂ ಸಿಗುತ್ತಾರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಊರಲ್ವಾ ನಮ್ಮದು! ಆ ಉಂಡೆ ಲೆನ್ಸಿಗೆ ಗೇಣು ದೂರದಲ್ಲಿ ಹಾರಿದ ಹುಳ, ಅಷ್ಟೇ.

ಕ್ಯಾಮೆರಾದ ಕಣ್ಣಿನ ಸುತ್ತ ಪುಟ್ಟ ಎಲ್ಇಡಿಗಳಿರುತ್ತವೆ. ಅವು ಚೆಲ್ಲುವುದು ಅವಗೆಂಪು (ಇನ್‌ಫ್ರಾರೆಡ್) ಬೆಳಕು, ಅದರ ತರಂಗಾಂತರ ಸಾಮಾನ್ಯವಾಗಿ 850 ಇಲ್ಲವೇ 940 ನ್ಯಾನೊಮೀಟರ್. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಬಿಸಿ ಅಲ್ಲಿ ಇನ್ನೂ ಜಾಸ್ತಿ ಇತ್ತು! ನಮ್ಮ ಕಣ್ಣಿಗೆ ದಕ್ಕದ ಆ ಬೆಳಕು ಕ್ಯಾಮೆರಾದ ಸಿಲಿಕಾನ್ ಸೆನ್ಸರಿಗೆ ಚೆನ್ನಾಗಿ ಕಾಣುತ್ತದೆ. ಮುಸ್ಸಂಜೆಯಲ್ಲಿ ಕ್ಯಾಮೆರಾ ‘ಟಕ್’ ಅಂದರೆ, ಹಗಲಲ್ಲಿ ಅವಗೆಂಪನ್ನು ತಡೆಯುವ ಫಿಲ್ಟರ್ ಪಕ್ಕಕ್ಕೆ ಸರಿಯಿತು ಅಂತ ಅರ್ಥ.

ತೊಂದರೆ ಏನೆಂದರೆ ದೀಪವೂ ಕಣ್ಣೂ ಒಂದೇ ಕಡೆ ಇವೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 10 ಸೆಂಟಿಮೀಟರ್ ದೂರದ ಹುಳಕ್ಕೂ 5 ಮೀಟರ್ ದೂರದ ಕಳ್ಳನಿಗೂ ನಡುವೆ ಅಂತರ 50 ಪಟ್ಟು, ಬೆಳಕಿನಲ್ಲಿ 2500 ಪಟ್ಟು! ಫೋಕಸ್ ಇರುವುದು ಗೇಟಿನ ಮೇಲೆ, ಹಾಗಾಗಿ ಹುಳ ಮಸುಕಾಗಿ ಊದಿ ಉಂಡೆಯಾಗುತ್ತದೆ. ಬೆಳಗಿನ ಜಾವ ನಂದಿಬೆಟ್ಟದ ಮಂಜಿನಲ್ಲಿ ಹೈಬೀಮ್ ಹಾಕಿದವರಿಗೆ ಇದು ಗೊತ್ತು: ಎದುರಿಗೆ ಬರೀ ಬಿಳಿ, ರಸ್ತೆ ಮಾಯ.

ಹುಳ ಹಾರಿ ಹೋಗುತ್ತದೆ, ಗೋಡೆ ಹೋಗುವುದಿಲ್ಲ. ಸಜ್ಜೆಯ ಒಳಮೂಲೆಯಲ್ಲಿ, ಸುಣ್ಣ ಬಳಿದ ಗೋಡೆಗೆ ಒತ್ತಿ ಕ್ಯಾಮೆರಾ ಕೂರಿಸುತ್ತಾರೆ. ಮಳೆ ಬೀಳಬಾರದಲ್ಲ, ಅದಕ್ಕೆ. ರಾತ್ರಿಯಾದರೆ ಚಿತ್ರದ ಅಂಚಿನಲ್ಲಿ ಗೋಡೆ ಹಾಲಿನಂತೆ ಹೊಳೆಯುತ್ತದೆ. ಬೆಳಕು ಜಾಸ್ತಿಯಾಯಿತೆಂದು ಕ್ಯಾಮೆರಾ ಎಕ್ಸ್‌ಪೋಶರ್, ಅಂದರೆ ತಾನು ಹಿಡಿಯುವ ಬೆಳಕನ್ನು, ಇಳಿಸುತ್ತದೆ, ಗೇಟು ಕತ್ತಲಲ್ಲಿ ಮುಳುಗುತ್ತದೆ. ‘ಮೆಗಾಪಿಕ್ಸೆಲ್ ಸಾಲದು’ ಎಂದು ಹೊಸದು ತರುತ್ತಾರೆ, ಅದನ್ನೂ ಅದೇ ಮೂಲೆಗೆ ಹಾಕುತ್ತಾರೆ! ಕಿಟಕಿ ಗಾಜಿನ ಹಿಂದೆ ಇಟ್ಟರಂತೂ ಕ್ಯಾಮೆರಾ ತನ್ನ ದೀಪವನ್ನೇ ನೋಡಿಕೊಂಡು ಕೂರುತ್ತದೆ. ಜೇಡರ ಬಲೆಯದೂ ಇದೇ ಕಥೆ. ಆಗಾಗ ಪೊರಕೆ ಆಡಿಸಿ.

ಇನ್ನೊಂದು ದೆವ್ವ ತುಳಸಿ ಗಿಡ. ಹಸಿರೆಲೆ ಅವಗೆಂಪನ್ನು ಜೋರಾಗಿ ಹಿಂದಕ್ಕೆ ಕಳಿಸುವುದರಿಂದ ರಾತ್ರಿ ಬೆಳ್ಳಗೆ ಕಾಣುತ್ತದೆ. ಕೆಲವು ಕಪ್ಪು ಬಟ್ಟೆಗಳದೂ ಅದೇ ಹಾಡು. ‘ಬಿಳಿ ಅಂಗಿಯವನು’ ಎಂದು ಪೊಲೀಸರಿಗೆ ಹೇಳುವ ಮುಂಚೆ ಇದು ನೆನಪಿರಲಿ.

ಬೀದಿದೀಪ ಇದೆಯಲ್ಲ ಅನ್ನಬಹುದು. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಈ ಊರಲ್ಲಿ ಬೀದಿದೀಪ ಹತ್ತಿತು. ಆಮೇಲೆ ಬಂದ ಹಳದಿ ಸೋಡಿಯಂ ದೀಪ 819 ನ್ಯಾನೊಮೀಟರ್ ಸುತ್ತಮುತ್ತ ಒಂದಷ್ಟು ಅವಗೆಂಪನ್ನೂ ಚೆಲ್ಲುತ್ತಿತ್ತು, ಕ್ಯಾಮೆರಾಗೆ ಪುಕ್ಕಟೆ ಲಾಭ. ಈಗಿನ ಬಿಳಿ ಎಲ್ಇಡಿಯಲ್ಲಿ ಆ ಭಾಗ ಇಲ್ಲವೆಂದೇ ಹೇಳಬೇಕು.

ಹಾಗಾಗಿ ಕ್ಯಾಮೆರಾವನ್ನು ಸಜ್ಜೆಯ ಹೊರ ಅಂಚಿಗೆ ತನ್ನಿ. ಎಂಟರಿಂದ ಹತ್ತು ಅಡಿ ಎತ್ತರ ಸಾಕು. ಮೂರನೇ ಮಹಡಿಯಿಂದ ಬರೀ ನೆತ್ತಿ ಕಾಣುತ್ತದೆ. ಗೋಡೆ, ಕೊಂಬೆ, ಪೈಪು ಯಾವುದೂ ಚೌಕಟ್ಟಿನೊಳಗೆ ಹತ್ತಿರ ಇರಬಾರದು. ಇನ್ನೂ ಒಳ್ಳೆಯದು ಬೇಕಾ? ಕ್ಯಾಮೆರಾದ ಸ್ವಂತ ದೀಪ ಆರಿಸಿ, ಅವಗೆಂಪು ದೀಪವೊಂದನ್ನು ನಾಲ್ಕೈದು ಅಡಿ ಪಕ್ಕದಲ್ಲಿ ಬೇರೆಯಾಗಿ ಹಾಕಿಸಿ. ಆಗ ಲೆನ್ಸಿನ ಮುಂದೆ ಹುಳ ಹಾರಿದರೂ ಅದರ ಮೇಲೆ ಆ ಬೆಳಕು ಅಷ್ಟಾಗಿ ಬೀಳುವುದಿಲ್ಲ.