ಬೆನ್ನುಚೀಲದ ಊಟ: ಬೇಯಿಸುವುದು ಮನೆಯಲ್ಲಿ, ನೆನೆಸುವುದು ದಾರಿಯಲ್ಲಿ

ನಾಲ್ಕೈದು ದಿನದ ಚಾರಣಕ್ಕೆ ಅಕ್ಕಿ, ತೊಗರಿಬೇಳೆ ಹೊತ್ತು ಹೊರಡುವುದನ್ನು ಬಿಡಬೇಕು. ಹಿಮಾಲಯದಲ್ಲಿ 4000 ಮೀಟರ್ ಎತ್ತರಕ್ಕೆ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯ ಬೇಳೆ ಬೇಯುವ ಮೊದಲೇ ಗ್ಯಾಸ್ ಮುಗಿದಿರುತ್ತದೆ. ಇತ್ತ ನಮ್ಮ ಘಟ್ಟದ ಕಾಯ್ದಿಟ್ಟ ಅರಣ್ಯಗಳಲ್ಲಿ ಬೆಂಕಿ ಹಚ್ಚುವಂತೆಯೇ ಇಲ್ಲ. ಆದ್ದರಿಂದ ಹುರಿಯುವುದು, ಬೇಯಿಸುವುದು ಮನೆಯಲ್ಲೇ ಮುಗಿದಿರಬೇಕು. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಯಾವ ವಿದೇಶಿ ಪೊಟ್ಟಣಕ್ಕೂ ಕಡಿಮೆಯಿಲ್ಲ.

ಮೊದಲ ಆಯ್ಕೆ ಗೊಜ್ಜವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿದ್ದೇ ಅವಲಕ್ಕಿ. ತಣ್ಣೀರಿಗೇ ಮೆತ್ತಗಾಗುತ್ತದೆ, ಒಲೆ ಬೇಡ. ಒಬ್ಬರಿಗೆ 100 ಗ್ರಾಂ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿ. ಪೇಪರ್ ಅವಲಕ್ಕಿ ತಂದರೆ ನೀರು ತಾಗಿದೊಡನೆ ಮುದ್ದೆಯಾಗುತ್ತದೆ. ಈ ತರಿಗೆ ಎರಡು ಚಮಚ ಸಾರಿನ ಪುಡಿ, ಒಂದೂವರೆ ಚಮಚ ಆಮ್‌ಚೂರ್, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಮುಕ್ಕಾಲು ಚಮಚ ಉಪ್ಪು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೀಜ, ಒಣಮೆಣಸು, ಕರಿಬೇವಿನ ಒಗ್ಗರಣೆ ಮಾಡಿ ಬೆರೆಸಿ. ಎಣ್ಣೆಗೆ ಕೈ ಬಿಗಿ ಹಿಡಿಯಬೇಡಿ: ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಹೊರುವ ಭಾರ ಇಳಿಯುವುದು ಅಲ್ಲೇ. ತಿನ್ನುವಾಗ 150 ಮಿ.ಲೀ. ನೀರು ಹಾಕಿ 20 ನಿಮಿಷ ಮುಚ್ಚಿಡಿ. ಇನ್ನೂ ಗಟ್ಟಿಯಿದ್ದರೆ ಸ್ವಲ್ಪ ಚಿಮುಕಿಸಿ.

ಕೆಡುವುದು ಬಹುತೇಕ ತೇವದಿಂದ. ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಗರಿಗರಿಯಾಗದಿದ್ದರೆ ಅದರಿಂದಲೇ ಬೂಷ್ಟು ಹಿಡಿಯುತ್ತದೆ. ಬಿಸಿಯಿರುವಾಗ ಕವರ್ ಕಟ್ಟಿದರೆ ಹಬೆ ಒಳಗೇ ನೀರಾಗುತ್ತದೆ. ಹಸಿ ತೆಂಗಿನತುರಿ, ಹಸಿಮೆಣಸು, ಈರುಳ್ಳಿ ಹತ್ತಿರಕ್ಕೂ ಬೇಡ. ಉಪ್ಪಿಟ್ಟಿನ ಸಿದ್ಧ ಮಿಶ್ರಣಕ್ಕೂ ಇದೇ ನಿಯಮ.

ಬೆಳಗಿಗೆ ರಾಗಿ ಹುರಿಹಿಟ್ಟು. ಅರಳು ಮಾಡಿ ಬೀಸಿದ ಹಿಟ್ಟೇ ಆಗಬೇಕು. ಮುದ್ದೆಯ ಹಿಟ್ಟು ಹಸಿಯಾದ್ದರಿಂದ ಹೊಟ್ಟೆ ಕೆಡಿಸುತ್ತದೆ. 50 ಗ್ರಾಂ ಹಿಟ್ಟಿಗೆ 20 ಗ್ರಾಂ ಬೆಲ್ಲದ ಪುಡಿ, 15 ಗ್ರಾಂ ಹಾಲಿನ ಪುಡಿ, ಚಿಟಿಕೆ ಏಲಕ್ಕಿ. ಮೊದಲು ಎರಡು ಮೂರು ಚಮಚ ನೀರಲ್ಲಿ ಕಲಸಿ ನುಣ್ಣಗೆ ಮಾಡಿಕೊಂಡು, ಆಮೇಲೆ ಉಳಿದ ನೀರು ಸುರಿಯಿರಿ. ಒಮ್ಮೆಲೇ ಸುರಿದರೆ ಗಂಟುಗಳ ಒಳಗೆ ಒಣಹಿಟ್ಟು ಹಾಗೇ ಉಳಿಯುತ್ತದೆ.

ನಡೆಯುವಾಗ ಬರೀ ನೀರು ಬೇಸರವಾಗಿ ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ರುಚಿ ಬೇಕಾಗುವುದು ಅದಕ್ಕೆ. ಪಾನಕದ ಪುಡಿಗೆ ಲೀಟರಿಗೆ 40 ಗ್ರಾಂ ಬೆಲ್ಲದ ಪುಡಿ, ಕಾಲು ಚಮಚ ಒಣಶುಂಠಿ, ಕಾಲು ಚಮಚ ಉಪ್ಪು, ಚಿಟಿಕೆ ಕಾಳುಮೆಣಸು ಸಾಕು. ಹಬ್ಬದ ಪಾನಕದಷ್ಟು ಸಿಹಿ ಮಾಡಿದರೆ ಜಠರ ಖಾಲಿಯಾಗುವುದು ನಿಧಾನವಾಗಿ ಏರಿನಲ್ಲಿ ಹೊಟ್ಟೆ ತೊಳಸುತ್ತದೆ. ಪುನರ್ಪುಳಿಯ (ಕೋಕಂ) ಒಣಸಿಪ್ಪೆ ಎಂಟು ಹತ್ತನ್ನು ಲೀಟರ್ ನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಇನ್ನೂ ಸೊಗಸು, ಆದರೆ ಸ್ಟೀಲ್ ಬಾಟಲಿಯಲ್ಲಿ. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಇಲ್ಲೊಂದು ಅಪಾಯವನ್ನು ಬಹಳ ಜನ ಗಮನಿಸುವುದಿಲ್ಲ. ಹಳ್ಳದ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿದ ಕೂಡಲೇ ನಿಂಬೆರಸವನ್ನೋ ಪಾನಕದ ಪುಡಿಯನ್ನೋ ಬೆರೆಸಬಾರದು. ಕ್ಲೋರಿನ್ ಕ್ರಿಮಿಗಳನ್ನು ಕೊಲ್ಲುವ ಮೊದಲೇ ಆ ರಸ, ಪುಡಿಗಳ ಮೇಲೆ ಖರ್ಚಾಗಿಬಿಡುತ್ತದೆ. ನಿಂಬೆಯ ಸಿ ವಿಟಮಿನ್ ಅಂತೂ ಅದನ್ನು ಕ್ಷಣದಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಕೆಸರಿದ್ದರೆ ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ, ಕನಿಷ್ಠ 30 ನಿಮಿಷ ಬಿಡಿ. ನೀರು ಕೊರೆಯುತ್ತಿದ್ದರೆ ಇನ್ನೂ ಹೆಚ್ಚು ಹೊತ್ತು. ರುಚಿ ಆಮೇಲೆ.

ಭೇದಿ ಶುರುವಾದರೆ ಪಾನಕವನ್ನು ನೆಚ್ಚಬೇಡಿ. ಓಆರ್‌ಎಸ್ ಪೊಟ್ಟಣ ತಲೆಗೆ ಎರಡಾದರೂ ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಬೆರೆಸಿ.