ಮಿಯಾಟಾಗೆ ಬೆಲೆ ಕಟ್ಟೋ ಮುಂಚೆ ನೀರು ಎಲ್ಲಿ ಹೋಗಿದೆ ನೋಡಿ

ಹಳೆ ಕಾರಿಗೆ ಬೆಲೆ ಕಟ್ಟುವಾಗ ಹೆಚ್ಚಿನವರು ಎರಡು ವಿಷಯ ಕೇಳುತ್ತಾರೆ. ಯಾವ ವರ್ಷದ್ದು? ಎಷ್ಟು ಮೈಲಿ ಓಡಿದೆ? ಕ್ಯಾಮ್ರಿ, ಸಿವಿಕ್‌ನಂಥ ಕಾರಿಗೆ ಇಷ್ಟು ಗೊತ್ತಾದರೆ ಮುಕ್ಕಾಲು ಲೆಕ್ಕ ಮುಗಿದ ಹಾಗೆ. ರೂಫ್ ಮಡಚುವ ಕಾರಿಗೆ, ಅಂದರೆ ಕನ್ವರ್ಟಿಬಲ್‌ಗೆ, ಇದು ಸಾಲದು. ಅಲ್ಲಿ ಬೆಲೆ ಏರಿಸೋದೂ ಇಳಿಸೋದೂ ಮಳೆ ನೀರು. ಇಷ್ಟು ವರ್ಷ ಮೇಲೆ ಬಿದ್ದ ನೀರು ಸರಿಯಾಗಿ ಹೊರಗೆ ಹೋಗಿದೆಯಾ, ಒಳಗೇ ನಿಂತಿದೆಯಾ? ಇದು ತಿಳಿಯೋವರೆಗೆ ನಾನು ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳೋದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವವರ ಪರವಾಗಿ ಹಳೆ ಕಾರು ಪರೀಕ್ಷೆ ಮಾಡಿ, ಎಷ್ಟು ಕೊಡಬಹುದು ಅಂತ ಹೇಳೋದು ನನ್ನ ಕೆಲಸ. ನಮ್ಮ ಕನ್ನಡದವರು ಸಣ್ಣ ಕನ್ವರ್ಟಿಬಲ್ ಬೇಕು ಅಂತ ಬಂದಾಗ ಮಾತು ಸಾಮಾನ್ಯವಾಗಿ ಮಾಜ್ದಾ ಮಿಯಾಟಾಕ್ಕೆ ಬಂದು ನಿಲ್ಲುತ್ತದೆ. ಅದು ಒಳ್ಳೆಯ ಆಯ್ಕೆಯೇ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಅಷ್ಟು ಕಾರು ತಯಾರಾಗಿರೋದರಿಂದ ಬಿಡಿಭಾಗಕ್ಕೆ ತೊಂದರೆ ಇಲ್ಲ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಮಾರೋವಾಗ ಕೈಗೆ ಒಂದಿಷ್ಟು ದುಡ್ಡು ವಾಪಸ್ ಬರೋದು ಮುಖ್ಯವಾಗಿ ಇದೇ ಕಾರಣಕ್ಕೆ.

ಇದರಲ್ಲಿ ನಾಲ್ಕು ತಲೆಮಾರು. ಕಣ್ಣು ಮಿಟುಕಿಸುವ ಹಾಗೆ ಹೆಡ್‌ಲೈಟ್ ಮೇಲೇಳುವ ಎನ್‌ಎ (1990ರಿಂದ 1997ರ ಮಾಡೆಲ್), ಅದರ ನಂತರದ ಎನ್‌ಬಿ (1999ರಿಂದ 2005), ಸ್ವಲ್ಪ ದೊಡ್ಡದಾದ ಎನ್‌ಸಿ (2006ರಿಂದ 2015), ಈಗಿನ ಎನ್‌ಡಿ (2016ರಿಂದ). ಎನ್‌ಎ ಈಗ ಸಂಗ್ರಹಕಾರರ ಕಣ್ಣಿಗೆ ಬಿದ್ದಿದೆ. ಚೆನ್ನಾಗಿರೋ ಎನ್‌ಎ ಬೆಲೆ ಇಳಿಯೋ ಹಂತ ದಾಟಿ ಆಗಿದೆ. ಎನ್‌ಡಿ ಇನ್ನೂ ಹೊಸದು, ಇಳಿಯುತ್ತಲೇ ಇದೆ. ಅದರಲ್ಲೂ 2018ಕ್ಕೂ 2019ಕ್ಕೂ ನಡುವೆ ಒಂದು ಮೆಟ್ಟಿಲಿದೆ. 2019ರಲ್ಲಿ ಎಂಜಿನ್ ಶಕ್ತಿ 155 ಎಚ್‌ಪಿಯಿಂದ 181ಕ್ಕೆ ಏರಿತು. ಒಂದೇ ಒಂದು ವರ್ಷದ ವ್ಯತ್ಯಾಸಕ್ಕೆ ಜಾಸ್ತಿ ಕೇಳ್ತಾರಲ್ಲ ಅಂತ ಗಾಬರಿ ಆಗಬೇಡಿ, ಅದು ನ್ಯಾಯವೇ. ಕೊಟ್ಟ ದುಡ್ಡಿಗೆ ಸದ್ಯ ಹೆಚ್ಚು ಕಾರು ಸಿಗೋದು ಎನ್‌ಸಿಯಲ್ಲಿ ಅನ್ನೋದು ನನ್ನ ಅಭಿಪ್ರಾಯ. ದಪ್ಪ ಅಂತ ಅದನ್ನ ದೂರ ಇಡೋರು ಜಾಸ್ತಿ. ಅದು ಕೊಳ್ಳುವವರಿಗೆ ಲಾಭ.

ಈಗ ನೀರಿನ ವಿಷಯ. ಬಟ್ಟೆ ಅಥವಾ ವಿನೈಲ್ ಟಾಪಿನ ಮೇಲೆ ಬಿದ್ದ ಮಳೆ ಹಿಂದಕ್ಕೆ ಹರಿದು, ಸೀಟುಗಳ ಹಿಂದಿನ ಎರಡು ಮೂಲೆಗಳಲ್ಲಿ ಡ್ರೈನ್ ಕೊಳವೆಗೆ ಇಳಿಯುತ್ತದೆ. ಹಿಂದಿನ ಚಕ್ರದ ಮುಂದೆ, ಕಾರಿನ ಕೆಳಗೆ ಅದು ಹೊರಗೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು, ಪೈನ್ ಮರದ ಸೂಜಿ ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ನೀರು ಕಾರ್ಪೆಟ್ ಮೇಲೆ ಬರುತ್ತದೆ, ಇಲ್ಲವೇ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತಗಡಿನೊಳಗೆ, ಅಂದರೆ ರಾಕರ್ ಪ್ಯಾನೆಲ್‌ನೊಳಗೆ ನಿಲ್ಲುತ್ತದೆ. ಎನ್‌ಎ, ಎನ್‌ಬಿ ಎರಡರಲ್ಲೂ ಆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಉಬ್ಬಿ ಗುಳ್ಳೆ ಎದ್ದಾಗ ಒಳಗೆ ಏನೂ ಉಳಿದಿರೋದಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಅದೇ.

ಪರೀಕ್ಷೆ ಮಾಡೋಕೆ ದೊಡ್ಡ ಸಲಕರಣೆ ಬೇಡ. ಮಾಲೀಕರನ್ನು ಕೇಳಿ ಒಂದು ಬಾಟಲಿ ನೀರನ್ನು ಸೀಟಿನ ಹಿಂದಿನ ಮೂಲೆಗೆ ನಿಧಾನವಾಗಿ ಸುರಿಯಿರಿ. ಇನ್ನೊಬ್ಬರು ಕೆಳಗೆ ಬಗ್ಗಿ ನೋಡಲಿ. ಕೆಲವೇ ಸೆಕೆಂಡಿನಲ್ಲಿ ನೀರು ಧಾರೆಯಾಗಿ ಬಿದ್ದರೆ ಸರಿ. ತಡವಾಗಿ ತೊಟ್ಟಿಕ್ಕಿದರೆ ಸುರಿಯೋದು ನಿಲ್ಲಿಸಿ. ಆಮೇಲೆ ಸೀಟು ಮುಂದಕ್ಕೆ ಸರಿಸಿ, ಹಿಂದಿನ ಕಾರ್ಪೆಟ್ಟನ್ನು ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ. ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜು ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಕೈ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಕಥೆ ಗೊತ್ತಾಯಿತು. ಟಾರ್ಚ್ ಹಿಡಿದು ರಾಕರ್‌ನ ಹಿಂದಿನ ತುದಿ ನೋಡಿ, ಹೆಬ್ಬೆರಳಿನಿಂದ ಒತ್ತಿ. ಫ್ರಿಜ್ಜಿನ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿರಿ. ಅದು ಅಂಟದ ಜಾಗದಲ್ಲಿ ತಗಡು ಇಲ್ಲ, ಫಿಲ್ಲರ್ ಅನ್ನೋ ಪೇಸ್ಟ್ ಮೆತ್ತಿದ್ದಾರೆ ಅಂತ ಅರ್ಥ. ಉಳಿದ ಕೆಳಭಾಗ ಹಳೆಯದಿದ್ದು ಅಲ್ಲಿ ಮಾತ್ರ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಲೇಬೇಕು. ಎರಡೂ ಕಡೆ ತಗಡು ಕತ್ತರಿಸಿ, ವೆಲ್ಡ್ ಮಾಡಿಸಿ, ಪೇಂಟ್ ಹೊಡೆಸೋದು ಕೆಲವು ಸಾವಿರ ಡಾಲರಿನ ಕೆಲಸ. ಅಂಥ ಕಾರಿಗೆ ಚೌಕಾಸಿ ಮಾಡೋಕೆ ಹೋಗಬೇಡಿ, ಬಿಟ್ಟು ಬನ್ನಿ. ಹಿಮ ಬೀಳುವ ರಾಜ್ಯಗಳಿಂದ ಬಂದ ಕಾರಾದರೆ ರಸ್ತೆಗೆ ಹಾಕುವ ಉಪ್ಪೂ ಸೇರಿಕೊಂಡಿರುತ್ತದೆ, ಇನ್ನೂ ಹುಷಾರಾಗಿರಿ.

ರೂಫ್ ಬಗ್ಗೆಯೂ ಇದೇ ಗಮನ ಬೇಕು. ಎನ್‌ಎಯ ಹಿಂದಿನ ಕಿಟಕಿ ಪ್ಲಾಸ್ಟಿಕ್. ರೂಫ್ ಇಳಿಸೋ ಮುಂಚೆ ಅದರ ಜಿಪ್ ಬಿಚ್ಚಿ ಮಲಗಿಸಬೇಕು. ಚಳಿಯಲ್ಲಿ ಹಾಗೇ ಮಡಚಿದರೆ ಸೀಳುತ್ತದೆ. ಎನ್‌ಬಿಯಿಂದ ಮುಂದಕ್ಕೆ ಗಾಜು ಬಂತು. ಮಾಲೀಕರಿಗೆ ರೂಫ್ ಇಳಿಸಿ ತೋರಿಸಿ ಅನ್ನಿ. ಜಿಪ್ ಕಡೆ ಕೈ ಹೋಗುತ್ತದೋ ಇಲ್ಲವೋ ಅನ್ನೋದರಲ್ಲೇ ಕಾರನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ತಿಳಿಯುತ್ತದೆ. ಎನ್‌ಎ ಅಥವಾ ಎನ್‌ಬಿ ಜೊತೆ ಕಂಪನಿಯದೇ ಹಾರ್ಡ್‌ಟಾಪ್, ಅಂದರೆ ಬಿಚ್ಚಿ ಹಾಕಬಹುದಾದ ಗಟ್ಟಿ ರೂಫ್, ಇದ್ದರೆ ಅದಕ್ಕೆ ಬೇರೆ ಬೆಲೆ ಹಾಕಿ. ಬಿಡಿಯಾಗಿ ಮಾರಿದರೂ ಸಾವಿರ ಡಾಲರಿಗಿಂತ ಮೇಲೆ ಹೋಗುವ ವಸ್ತು ಅದು.

ಲೆಕ್ಕ ಹೇಗೆ ಹಾಕೋದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. 2003ರ ಎನ್‌ಬಿ, ಮ್ಯಾನುಯಲ್, 62,000 ಮೈಲಿ. ಕೇಳ್ತಿರೋದು 9,500 ಡಾಲರ್. ಇದೇ ಥರದ, ಚೆನ್ನಾಗಿರೋ ಕಾರು 9,000ಕ್ಕೆ ಮಾರಾಟ ಆಗಿದೆ ಅಂತಿಟ್ಟುಕೊಳ್ಳಿ. ನಮ್ಮ ಕಾರಿನ ಡ್ರೈನ್ ಕ್ಲೀನ್, ರಾಕರ್ ಗಟ್ಟಿ. ಆದರೆ ಟಾಪ್ ಮಡಚುವ ಜಾಗದಲ್ಲಿ ಬಿರುಕು ಬಿಟ್ಟಿದೆ. ಟೈರಿನ ಮೇಲೆ 1514 ಅಂತ ಒತ್ತಿದೆ, ಅಂದರೆ 2014ರ 15ನೇ ವಾರದಲ್ಲಿ ತಯಾರಾದದ್ದು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿ ಇಲ್ಲ. ಎನ್‌ಎ, ಎನ್‌ಬಿಯಲ್ಲಿ ಅದನ್ನು 60,000 ಮೈಲಿಗೊಮ್ಮೆ ಬದಲಿಸೋದು ವಾಡಿಕೆ. ಎನ್‌ಸಿಯಿಂದ ಬೆಲ್ಟ್ ಬದಲು ಚೈನ್ ಬಂತು, ಆ ಖರ್ಚಿಲ್ಲ.

ಟಾಪಿಗೆ 1,200, ಬೆಲ್ಟ್ ಮತ್ತು ವಾಟರ್ ಪಂಪಿಗೆ 800, ಟೈರಿಗೆ 500 ಅಂತ ಅಂದಾಜು ಬಂತು ಅನ್ನಿ. ಮೂರನ್ನೂ ಪೂರ್ತಿ ಕಳೆಯೋದು ನ್ಯಾಯ ಅಲ್ಲ. 9,000ಕ್ಕೆ ಹೋದ ಕಾರಿನ ಟೈರೂ ಅರ್ಧ ಸವೆದೇ ಇತ್ತು ಅಂತಿಟ್ಟುಕೊಳ್ಳಿ. ಹಾಗಾಗಿ ಟೈರಿಗೆ ಅರ್ಧ ಮಾತ್ರ. ಅದರ ಟಾಪ್ ಮತ್ತು ಬೆಲ್ಟ್ ಹೊಸದಿದ್ದವು ಅನ್ನಿ, ಆಗ ಆ ಎರಡು ಖರ್ಚನ್ನು ಪೂರ್ತಿ ಕಳೆಯಿರಿ. ಉಳಿಯೋದು 6,750. ಇದನ್ನು ಕಾಗದದ ಮೇಲೆ ಬರೆದು ಮಾರುವವರ ಮುಂದಿಟ್ಟರೆ ಜಗಳ ಬರೋದಿಲ್ಲ. ಸುಮ್ನೆ "ಎರಡು ಸಾವಿರ ಕಮ್ಮಿ ಮಾಡಿ" ಅಂದರೆ ಯಾರಿಗೂ ಇಷ್ಟ ಆಗಲ್ಲ. ಪಕ್ಕದಲ್ಲೇ 1,18,000 ಮೈಲಿ ಓಡಿದ, ಹೊಸ ಟಾಪ್ ಹಾಕಿಸಿದ, ಎಲ್ಲ ರಸೀದಿ ಜೋಡಿಸಿಟ್ಟ ಇನ್ನೊಂದು ಎನ್‌ಬಿ ಇದ್ದರೆ ನಾನು ಅದಕ್ಕೇ ಜಾಸ್ತಿ ಕೊಡಿ ಅಂತೀನಿ. ಓಡಿಸದೆ ನಿಲ್ಲಿಸಿದ ಕಾರಿನಲ್ಲಿ ರಬ್ಬರ್ ಒಣಗುತ್ತದೆ, ಸೀಲು ಬಿರಿಯುತ್ತದೆ, ನೀರು ದಾರಿ ಹುಡುಕಿಕೊಳ್ಳುತ್ತದೆ.

ಹೋಲಿಕೆಯ ಬೆಲೆ ಎಲ್ಲಿ ಸಿಗುತ್ತದೆ? ಎನ್‌ಡಿ, ಎನ್‌ಸಿಗೆ ಹಳೆ ಕಾರಿನ ಬೆಲೆ ಪಟ್ಟಿ ಕೊಡುವ ಕೆಲ್ಲಿ ಬ್ಲೂ ಬುಕ್ ಸಾಕು. ಅದರಲ್ಲಿ ಡೀಲರ್ ನಿಮ್ಮಿಂದ ಕೊಳ್ಳುವ ಬೆಲೆಯೇ ಬೇರೆ, ಖಾಸಗಿಯಾಗಿ ಕೈ ಬದಲಾಗುವ ಬೆಲೆಯೇ ಬೇರೆ, ಸರಿಯಾದ ಸಾಲು ನೋಡಿ. ಎನ್‌ಎಗೆ ಆ ಪಟ್ಟಿ ಅಷ್ಟು ಉಪಯೋಗಕ್ಕೆ ಬರೋದಿಲ್ಲ. ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಮಾರಾಟವಾದ ಬೆಲೆ ನೋಡಿ. ಕೇಳುವ ಬೆಲೆಯನ್ನು ಯಾವತ್ತೂ ಲೆಕ್ಕಕ್ಕೆ ತಗೋಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು.

1990 ಮತ್ತು 1991ರ ಆರಂಭದ ಎನ್‌ಎ ನೋಡುತ್ತಿದ್ದರೆ ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಿ, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿರುವ ಚಕ್ರ. ಅದರಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂತಿಯ ಕ್ರ್ಯಾಂಕ್, ಎಂಟಿದ್ದರೆ ಬಲವಾದದ್ದು. ಗಿಡ್ಡದರಲ್ಲಿ ಪುಲ್ಲಿ ಅಲುಗಾಡಿ ಕ್ರ್ಯಾಂಕ್ ತುದಿ ಸವೆಯುವ ಸಮಸ್ಯೆ ಇತ್ತು. ಎಂಜಿನ್ ಓಡುತ್ತಿರುವಾಗ ಪುಲ್ಲಿ ಓಲಾಡಿದರೆ ಆ ಕಾರು ಬೇಡ.

ಟರ್ಬೊ, ಎಕ್ಸಾಸ್ಟ್ ಬದಲಿಸಿದ ಮಿಯಾಟಾ ಸಿಗೋದು ಸಾಮಾನ್ಯ. ಹಾಕಿಸಿದವರು ಆ ಖರ್ಚೆಲ್ಲ ಬೆಲೆಗೆ ಸೇರಿಸಿ ಕೇಳುತ್ತಾರೆ. ನಾನು ಸೇರಿಸೋದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೆ ಕಾರು ಮಾರುವವರೇ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್, ಅಂದರೆ ಹೊಗೆ ಪರೀಕ್ಷೆಯ ಪತ್ರ, ಕೊಡಬೇಕು. ರಾಜ್ಯದ ಒಪ್ಪಿಗೆ ಇಲ್ಲದ ಎಂಜಿನ್ ಭಾಗಗಳಿದ್ದರೆ ಆ ಪರೀಕ್ಷೆ ಪಾಸಾಗೋದಿಲ್ಲ. "ಸ್ಮಾಗ್ ನೀವೇ ಮಾಡಿಸಿಕೊಳ್ಳಿ, ಅದಕ್ಕೇ ಕಮ್ಮಿಗೆ ಕೊಡ್ತಿದ್ದೀನಿ" ಅನ್ನುವ ಮಾತಿಗೆ ಒಪ್ಪಲೇಬೇಡಿ. ಖಾಸಗಿಯವರಿಂದ ಕೊಂಡರೂ ರಾಜ್ಯದ ವಾಹನ ನೋಂದಣಿ ಇಲಾಖೆಯಾದ ಡಿಎಂವಿಯಲ್ಲಿ ತೆರಿಗೆ ಕಟ್ಟಬೇಕು, ಕನಿಷ್ಠ ಶೇ. 7.25. ಆ ದುಡ್ಡು ಬಜೆಟ್ಟಿನಲ್ಲಿ ಇರಲಿ.

ಮಾರುವ ಕಡೆಗೆ ಬಂದರೆ, ನಮ್ಮವರು ದುಡ್ಡು ಕಳೆದುಕೊಳ್ಳೋದು ಅವಸರದಲ್ಲಿ. ಊರಿಗೆ ವಾಪಸ್ ಹೋಗೋದು ನಿಶ್ಚಯವಾಗಿ ಡಿಸೆಂಬರಿನಲ್ಲಿ ಕಾರು ಮಾರಲು ಕೂರುತ್ತಾರೆ. ಕನ್ವರ್ಟಿಬಲ್ ಕೇಳುವವರು ಕಮ್ಮಿ ಇರೋದೇ ಆಗ. ಕೊನೆಗೆ ಡೀಲರ್ ಹೇಳಿದ ಬೆಲೆಗೆ ಕೊಟ್ಟು ಹೋಗುತ್ತಾರೆ. ಬೆಂಗಳೂರಿಗೆ ಹಡಗಿನಲ್ಲಿ ಕಳಿಸಬಹುದಾ ಅಂತ ಕೇಳುವವರೂ ಇದ್ದಾರೆ. ಭಾರತಕ್ಕೆ ತರುವ ಹಳೆ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇಲ್ಲಿನ ಎಡ ಸ್ಟೀರಿಂಗ್ ಮಿಯಾಟಾ ಹಾಗಾಗಿ ಇಲ್ಲೇ ಮಾರಾಟವಾಗಬೇಕು. ಹೋಗುವ ಅಂದಾಜಿದ್ದರೆ ಮಾರ್ಚ್, ಏಪ್ರಿಲ್‌ನಲ್ಲೇ ಜಾಹೀರಾತು ಹಾಕಿ. ಡ್ರೈನ್ ಸ್ವಚ್ಛ ಮಾಡಿಸಿ, ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ. ಬಿಚ್ಚಿಟ್ಟ ಮೂಲ ಭಾಗಗಳಿದ್ದರೆ ಜೊತೆಗೆ ಕೊಡಿ. ಮ್ಯಾನುಯಲ್ ಬೇಗ ಹೋಗುತ್ತದೆ. ಆಟೋಮ್ಯಾಟಿಕ್ ಕಮ್ಮಿಗೆ ಕೊಂಡಿದ್ದರೆ ಕಮ್ಮಿಗೇ ಮಾರಿ, ಅದರಲ್ಲಿ ನಷ್ಟ ಇಲ್ಲ. ವ್ಯವಹಾರ ಮುಗಿದ ಮೇಲೆ ಐದು ದಿನದೊಳಗೆ ಡಿಎಂವಿಗೆ ಕಾರು ಕೈ ಬದಲಾದ ನೋಟಿಸ್ ಸಲ್ಲಿಸಿ. ಆನ್‌ಲೈನಿನಲ್ಲೇ ಆಗುತ್ತದೆ. ಅದನ್ನು ಬಿಟ್ಟು ವಿಮಾನ ಹತ್ತಿದರೆ, ಕೊಂಡವರು ಹೆಸರು ಬದಲಿಸಿಕೊಳ್ಳೋವರೆಗೆ ಟೋಲು, ಪಾರ್ಕಿಂಗ್ ದಂಡ ಎಲ್ಲ ನಿಮ್ಮ ಹೆಸರಿಗೇ ಬರುತ್ತವೆ.